ಎಣಿಸುವವರು ಯಾರು? ಮಿಲ್ಲರ್ ಸಮಿತಿಯಿಂದ ಕೃತಕ ಬುದ್ಧಿಯವರೆಗೆ

೧

ಶಾಲೆಯ ಚರಿತ್ರೆಯನ್ನು ನಾವು ಇಲ್ಲಿಯವರೆಗೆ ಬಾಗಿಲಿನ ಚರಿತ್ರೆಯಾಗಿಯೇ ಬರೆದುಕೊಂಡು ಬಂದಿದ್ದೇವೆ. ಯಾವ ಅರಸ ಬಾಗಿಲು ತೆಗೆಸಿದ, ಯಾವ ಮಿಷನರಿ ಒಳಗೆ ಕರೆದ, ಯಾವ ಆಜ್ಞೆಯಿಂದ ಕೇರಿಯ ಮಕ್ಕಳಿಗೆ ಜಗಲಿಯಿಂದ ಒಳಕ್ಕೆ ಜಾಗ ಸಿಕ್ಕಿತು ಎಂಬುದಷ್ಟೇ ನಮ್ಮ ಪುಸ್ತಕಗಳಲ್ಲಿದೆ. ಒಳಗೆ ಹೋದ ಮಗುವನ್ನು ಅಳೆದವರು ಯಾರು, ಅಳತೆಯ ಕೋಲು ಯಾರ ಮನೆಯಿಂದ ಬಂತು, ಅಳೆದದ್ದನ್ನು ಯಾವ ಪುಸ್ತಕದಲ್ಲಿ ಬರೆದಿಟ್ಟರು, ಆ ಪುಸ್ತಕವನ್ನು ತೆರೆಸಿ ‘ಸ್ವಾಮಿ, ಇದು ತಪ್ಪು’ ಅನ್ನುವ ಹಕ್ಕು ಮಗುವಿನ ಅಪ್ಪ ಅವ್ವನಿಗೆ ಇತ್ತೇ ಎಂಬ ಪ್ರಶ್ನೆಗಳು ಹಾಗೇ ಉಳಿದಿವೆ.

ಇವನ್ನು ಈಗಲೇ ಕೇಳಬೇಕಾಗಿದೆ. ಯಾಕೆಂದರೆ ಶಾಲೆಯೊಳಕ್ಕೆ ಕೃತಕ ಬುದ್ಧಿಮತ್ತೆಯನ್ನು ತರುವ ಯೋಜನೆಗಳು ದೆಹಲಿಯಲ್ಲೂ ಬೆಂಗಳೂರಿನಲ್ಲೂ ತಯಾರಾಗುತ್ತಿವೆ. ೨೦೧೮ರಲ್ಲಿ ನೀತಿ ಆಯೋಗ ಪ್ರಕಟಿಸಿದ ದಾಖಲೆ ಈ ಬುದ್ಧಿಯನ್ನು ಮೊದಲು ಹೂಡಬೇಕಾದ ಐದು ಕ್ಷೇತ್ರಗಳಲ್ಲಿ ಶಿಕ್ಷಣವನ್ನೂ ಹೆಸರಿಸಿತು. ೨೦೧೯ರಲ್ಲಿ ಸಿಬಿಎಸ್‌ಇ ಒಂಬತ್ತನೇ ತರಗತಿಗೆ ಇದನ್ನು ಐಚ್ಛಿಕ ವಿಷಯವಾಗಿ ಇಟ್ಟಿತು. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಇದರ ಮಾತು ಬಂತು. ೨೦೨೪ರ ಮಾರ್ಚಿನಲ್ಲಿ ಕೇಂದ್ರ ಸಂಪುಟ ಹತ್ತು ಸಾವಿರ ಕೋಟಿಗೂ ಮೀರಿದ ಇಂಡಿಯಾ ಎಐ ಮಿಷನ್ನನ್ನು ಒಪ್ಪಿತು. ೨೦೨೫ರ ಬಜೆಟ್ಟಿನಲ್ಲಿ ಶಿಕ್ಷಣಕ್ಕಾಗಿಯೇ ಒಂದು ಕೇಂದ್ರ ಕಟ್ಟಲು ೫೦೦ ಕೋಟಿ ತೆಗೆದಿಟ್ಟರು. ಅದೇ ವರ್ಷದ ಅಕ್ಟೋಬರಿನಲ್ಲಿ, ೨೦೨೬-೨೭ರ ಶಾಲಾ ವರ್ಷದಿಂದ ಮೂರನೇ ತರಗತಿಯಿಂದಲೇ ಇದನ್ನು ಕಲಿಸುತ್ತೇವೆ ಅಂತ ಕೇಂದ್ರ ಸರ್ಕಾರ ಹೇಳಿತು. ಕರ್ನಾಟಕದಲ್ಲಿ ಸರ್ಕಾರಿ ಶಾಲೆಯ ಮಕ್ಕಳ ಮುಖ ನೋಡಿ ಹಾಜರಿ ಹಾಕುವ ಯಂತ್ರದ ಮಾತು ೨೦೨೫ರಲ್ಲಿ ಎದ್ದಿತು.

ಇದೆಲ್ಲ ಕೃಷ್ಣರಾಜನಗರ, ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯ ಕೇರಿ ಹಾಡಿಗಳಿಗೆ ಯಾವ ರೂಪದಲ್ಲಿ ಬಂದು ಮುಟ್ಟುತ್ತದೆ ಎಂದು ತಿಳಿಯಬೇಕಾದರೆ, ಭವಿಷ್ಯದ ಬಣ್ಣದ ಚಿತ್ರ ನೋಡಿ ಪ್ರಯೋಜನವಿಲ್ಲ. ಹಿಂದಿನ ಕಡತ ನೋಡಬೇಕು. ಯಂತ್ರವೂ ಅದನ್ನೇ ನೋಡುತ್ತದೆ.

೨

ಕೃಷ್ಣರಾಜನಗರವೇ ಯೋಜನೆಯಿಂದ ಹುಟ್ಟಿದ ಊರು. ಕಾವೇರಿ ದಂಡೆಯ ಹಳೇ ಎಡತೊರೆ ನೆರೆಗೆ ಸಿಕ್ಕು ಸಿಕ್ಕು ಬಳಲಿತ್ತು. ೧೯೨೪ರಲ್ಲಂತೂ ಕಾವೇರಿಯ ಉದ್ದಕ್ಕೂ ದೊಡ್ಡ ನೆರೆ ಬಂತು. ಹೊಳೆಯಿಂದ ಸ್ವಲ್ಪ ದೂರದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅಳತೆ ಹಾಕಿ ಹೊಸ ಊರು ಕಟ್ಟಿದರು, ಅವರ ಹೆಸರನ್ನೇ ಇಟ್ಟರು. ನಕ್ಷೆ ಮೊದಲು, ಮನೆ ಆಮೇಲೆ. ನಕ್ಷೆ ಬರೆದ ಮೇಲೆ ಯಾರು ಎಲ್ಲಿ ಎಂಬುದು ಗೆರೆಯಲ್ಲೇ ತೀರ್ಮಾನವಾಗಿರುತ್ತದೆ. ಯೋಜನೆ ಅನ್ನುವುದರ ಗುಟ್ಟು ಇಷ್ಟೇ.

ಅದೇ ನಾಲ್ವಡಿಯವರ ಕಾಲದಲ್ಲೇ ಮೈಸೂರು ಸಂಸ್ಥಾನ ಇನ್ನೊಂದು ಬಗೆಯ ನಕ್ಷೆಯನ್ನೂ ಬರೆಯಿತು. ೧೯೧೩ರಲ್ಲಿ ಪ್ರಾಥಮಿಕ ಶಿಕ್ಷಣದ ಕಾಯ್ದೆ ಬಂದು ಆಯ್ದ ಕೆಲವು ಕಡೆ ಕಡ್ಡಾಯ ಶಿಕ್ಷಣ ಶುರುವಾಯಿತು. ಆ ದಶಕದಲ್ಲೇ, ಸಿ.ಆರ್. ರೆಡ್ಡಿಯವರು ವಿದ್ಯಾ ಇಲಾಖೆಯಲ್ಲಿದ್ದ ಕಾಲಕ್ಕೆ, ಸರ್ಕಾರಿ ಶಾಲೆಗಳಿಗೆ ‘ಪಂಚಮ’ ಮಕ್ಕಳನ್ನು ಸೇರಿಸಿಕೊಳ್ಳಬೇಕೆಂಬ ಆಜ್ಞೆಗೆ ಮೇಲ್ಜಾತಿಗಳು ರೊಚ್ಚಿಗೆದ್ದವು. ೧೯೧೮ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿಯಾಯಿತು. ಅರ್ಹತೆ ಕೆಡುತ್ತದೆ ಎಂದು ಇದನ್ನು ಒಪ್ಪದ ದಿವಾನ್ ವಿಶ್ವೇಶ್ವರಯ್ಯ ಆ ವರ್ಷದ ಕೊನೆಗೆ ಅಧಿಕಾರ ಬಿಟ್ಟರು. ೧೯೧೯ರಲ್ಲಿ ವರದಿ ಬಂತು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲು ಬ್ರಾಹ್ಮಣೇತರರಿಗೆ ಸಲ್ಲಬೇಕು ಎಂದಿತು. ೧೯೨೧ರಲ್ಲಿ ಸರ್ಕಾರದ ಆದೇಶವಾಯಿತು.

ಇಲ್ಲಿ ಗಮನಿಸಬೇಕಾದ್ದು, ಮಿಲ್ಲರ್ ಸಮಿತಿಯ ಕೈಯಲ್ಲಿದ್ದ ಆಯುಧ ಎಣಿಕೆ. ಎಷ್ಟು ಜನ ಓದಿದ್ದಾರೆ, ಎಷ್ಟು ಜನ ನೌಕರಿಯಲ್ಲಿದ್ದಾರೆ, ಯಾವ ಜಾತಿಯವರು ಎಷ್ಟು. ಬ್ರಾಹ್ಮಣರಲ್ಲದವರೆಲ್ಲ ಹಿಂದುಳಿದವರು ಎಂದು ದೊಡ್ಡ ಗಂಟು ಕಟ್ಟಿದ್ದರಿಂದ ಹೊಲೆಯ ಮಾದಿಗರು ಗಂಟಿನ ತಳಕ್ಕೆ ಹೋದರು, ಲಾಭ ಹೆಚ್ಚಾಗಿ ಭೂಮಿ ಇದ್ದ ಜಾತಿಗಳಿಗಾಯಿತು, ನಿಜ. ಆದರೆ ಆ ಗಂಟನ್ನು ಬಿಚ್ಚಿ ನೋಡಿ ‘ನಮ್ಮ ಪಾಲೆಲ್ಲಿ’ ಅಂತ ಕೇಳಲು ಸಾಧ್ಯವಿತ್ತು. ಯಾಕೆಂದರೆ ಎಣಿಕೆ ಅಚ್ಚಾಗಿತ್ತು.

ಮೇಜಿನ ಮುಂದೆ ನಿಂತು ಎಣಿಕೆಯನ್ನು ಪ್ರಶ್ನಿಸುವ ಪರಂಪರೆ ನಮ್ಮದು. ೧೮೮೨ರಲ್ಲಿ ಜೋತಿಬಾ ಫುಲೆ ಹಂಟರ್ ಆಯೋಗಕ್ಕೆ ಮನವಿ ಕೊಟ್ಟು, ರೈತನ ಬೆವರಿನ ಕಂದಾಯ ಮೇಲ್ಜಾತಿಯ ಉನ್ನತ ಶಿಕ್ಷಣಕ್ಕೆ ಸೋರಿಹೋಗುತ್ತಿರುವ ಲೆಕ್ಕ ಒಪ್ಪಿಸಿದರು. ೧೯೧೯ರ ಜನವರಿಯಲ್ಲಿ, ಇಲ್ಲಿ ಮಿಲ್ಲರ್ ಸಮಿತಿ ಕೂತಿದ್ದ ಹೊತ್ತಿನಲ್ಲೇ, ಅಂಬೇಡ್ಕರ್ ಸೌತ್‌ಬರೋ ಸಮಿತಿಯ ಮುಂದೆ ಅಸ್ಪೃಶ್ಯರ ಸಂಖ್ಯೆ ಇಟ್ಟುಕೊಂಡೇ ಪ್ರಾತಿನಿಧ್ಯ ಕೇಳಿದರು.

ಇದು ಮುಂದುವರಿಯಿತು. ನಾಗನಗೌಡ ಸಮಿತಿ ಹೈಸ್ಕೂಲಿನ ಕೊನೆಯ ಮೂರು ತರಗತಿಗಳಲ್ಲಿ ಸಾವಿರ ಜನಕ್ಕೆ ಎಷ್ಟು ಮಕ್ಕಳು ಎಂದು ಜಾತಿವಾರು ಲೆಕ್ಕ ಹಾಕಿತು. ರಾಜ್ಯದ ಸರಾಸರಿ ೬.೯. ೧೯೬೨ರ ಬಾಲಾಜಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಆ ಸಂಖ್ಯೆಯನ್ನೇ ಹಿಡಿದುಕೊಂಡು, ಸರಾಸರಿಗೆ ಹತ್ತಿರ ಇರುವವರು ಹಿಂದುಳಿದವರು ಹೇಗಾಗುತ್ತಾರೆ ಎಂದು ಕೇಳಿತು, ಶೇ. ೬೮ರ ಮೀಸಲಾತಿಯನ್ನು ಹೊಡೆದುಹಾಕಿತು. ನಮಗೆ ಅದರಿಂದ ನೋವೂ ಆಯಿತು, ಪಾಠವೂ ಆಯಿತು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸು ಮುಖ್ಯಮಂತ್ರಿಯಾದಾಗ ೧೯೭೨ರಲ್ಲಿ ಹಾವನೂರು ಆಯೋಗ ಆಯಿತು. ೧೯೭೫ರ ವರದಿಯಲ್ಲಿ ಎಸ್‌ಎಸ್‌ಎಲ್‌ಸಿ ಪಾಸಾದವರ ಲೆಕ್ಕವೂ ಹಿಂದುಳಿದಿರುವಿಕೆಯ ಒಂದು ಅಳತೆಯಾಯಿತು. ಜನ ಅದನ್ನು ಓದಿದರು, ಕಿತ್ತಾಡಿದರು, ಕೋರ್ಟಿಗೆ ಹೋದರು.

ಮೊನ್ನೆ ಮೊನ್ನೆಯದು ನೋಡಿ. ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗ ೧೦೧ ಪರಿಶಿಷ್ಟ ಜಾತಿಗಳನ್ನು ಎಣಿಸಿ ೨೦೨೫ರ ಆಗಸ್ಟಿನಲ್ಲಿ ಐದು ಗುಂಪು ಮಾಡಿ ಕೊಟ್ಟಿತು. ವಾದ ಆಯಿತು, ಬೀದಿ ಆಯಿತು, ಅದೇ ತಿಂಗಳು ಸಂಪುಟ ಅದನ್ನು ಮೂರು ಗುಂಪಾಗಿ ಮಾಡಿತು. ಸರಿಯೋ ತಪ್ಪೋ, ಅಲೆಮಾರಿ ಬಂಧುಗಳ ಅಳಲು ಇನ್ನೂ ಮುಗಿದಿಲ್ಲ, ಅದು ಬೇರೆ ಮಾತು. ಎಣಿಕೆ ಕಣ್ಣಿಗೆ ಕಾಣುವಂತೆ ಇದ್ದುದರಿಂದಲೇ ಅಳಲು ಹೇಳಿಕೊಳ್ಳಲು ಬಾಯಿ ಸಿಕ್ಕಿತು. ಹೆಗ್ಗಡದೇವನಕೋಟೆ ಹುಣಸೂರುಗಳ ಹಾಡಿಗಳ ಕಥೆಯೂ ಅಷ್ಟೇ. ನಾಗರಹೊಳೆ ಕಾಡಿನಿಂದ ಎಬ್ಬಿಸಿದ ಆದಿವಾಸಿಗಳು ‘ಕೆಲವರು’ ಆಗಿದ್ದರು. ಹೈಕೋರ್ಟಿನ ಆದೇಶದಿಂದ ರಚನೆಯಾದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ ೨೦೧೪ರಲ್ಲಿ ೩,೪೧೮ ಕುಟುಂಬ ಎಂದು ಬರೆದ ಮೇಲೆ, ಆ ಸಂಖ್ಯೆಯನ್ನು ಹಿಡಿದು ಕಚೇರಿ ಬಾಗಿಲು ತಟ್ಟಲು ಸಾಧ್ಯವಾಯಿತು.

ಆದ್ದರಿಂದ ಸಂಖ್ಯೆ, ಲೆಕ್ಕ, ದಾಖಲೆ ಅಂದಕೂಡಲೇ ಬೆನ್ನು ತಿರುಗಿಸುವ ವಿಮರ್ಶೆ ನಮ್ಮದಲ್ಲ. ವಾದಕ್ಕೆ ಸಿಕ್ಕುವ ಎಣಿಕೆ ನಮ್ಮನ್ನು ಇಷ್ಟು ದೂರ ತಂದಿದೆ.

೩

ಇದೇ ಹೊತ್ತಿನಲ್ಲಿ ಇನ್ನೊಂದು ಎಣಿಕೆಯೂ ಬೆಳೆಯುತ್ತಿತ್ತು. ಅದು ಸಮುದಾಯವನ್ನು ಬಿಟ್ಟು ಮಗುವಿನ ತಲೆಯನ್ನು ಎಣಿಸುವಂಥದ್ದು. ೧೯೦೫ರಲ್ಲಿ ಪ್ಯಾರಿಸ್ಸಿನಲ್ಲಿ ಆಲ್ಫ್ರೆಡ್ ಬಿನೆ ಒಂದು ಪರೀಕ್ಷೆ ಮಾಡಿದ. ಶಾಲೆಯಲ್ಲಿ ಹಿಂದೆ ಬಿದ್ದ ಮಕ್ಕಳನ್ನು ಗುರುತಿಸಿ ಹೆಚ್ಚಿನ ನೆರವು ಕೊಡುವುದು ಅವನ ಉದ್ದೇಶ. ಅದು ಅಮೆರಿಕಕ್ಕೆ ಹೋದ ಮೇಲೆ, ೧೯೧೬ರಲ್ಲಿ ಟರ್ಮನ್ ಅದನ್ನು ಹೊಸದಾಗಿ ಹೊಲಿದ ಮೇಲೆ, ನೆರವಿನ ಪಟ್ಟಿ ಹೋಗಿ ಮೇಲು ಕೀಳಿನ ಪಟ್ಟಿಯಾಯಿತು. ಕರಿಯರು, ವಲಸೆ ಬಂದ ಬಡವರು ಹುಟ್ಟಿನಿಂದಲೇ ಮಂದಬುದ್ಧಿಯವರು ಅಂತ ಸಾಬೀತು ಮಾಡಲು ಅದನ್ನೇ ಬಳಸಿದರು. ೧೯೩೦ರ ದಶಕದಲ್ಲಿ ಧಾರವಾಡದಲ್ಲಿ ವಿ.ವಿ. ಕಾಮತ್ ಅದನ್ನು ಕನ್ನಡ ಮರಾಠಿ ಮಕ್ಕಳಿಗೆ ಒಗ್ಗಿಸಿದರು. ೧೯೪೦ರಲ್ಲಿ ಅದು ಪುಸ್ತಕವಾಯಿತು. ಕನ್ನಡದ ಮಗುವಿನ ಬುದ್ಧಿಗೆ ಅಂಕ ಹಾಕುವ ಕೆಲಸ ಹೀಗೆ ಶುರುವಾಯಿತು.

ಕಾಮತರ ಶ್ರಮವನ್ನು ಇಲ್ಲಿ ಹೀಗಳೆಯುತ್ತಿಲ್ಲ. ಪ್ರಶ್ನೆ ಬೇರೆ. ಪುಸ್ತಕ ಇರುವ ಮನೆಯ ಮಗುವಿಗೂ, ಸತ್ತ ದನ ಹೊತ್ತು ಬಂದ ಮನೆಯ ಮಗುವಿಗೂ ಒಂದೇ ಪ್ರಶ್ನೆ ಕೇಳಿ ಉತ್ತರದ ಅಂತರವನ್ನು ‘ಬುದ್ಧಿ’ ಎಂದು ಕರೆದರೆ, ಚರಿತ್ರೆ ಕದ್ದದ್ದನ್ನು ಹುಟ್ಟಿನ ಖಾತೆಗೆ ಬರೆದ ಹಾಗಾಗುತ್ತದೆ. ಮಿಲ್ಲರ್ ಸಮಿತಿಯ ಎಣಿಕೆ ಅಂತರವನ್ನು ನೋಡಿ ‘ಸಮಾಜ ಏನು ಮಾಡಿದೆ’ ಅಂತ ಕೇಳಿತು. ಬುದ್ಧಿಯ ಎಣಿಕೆ ಅದೇ ಅಂತರವನ್ನು ನೋಡಿ ‘ಈ ಮಗು ಏನು’ ಅಂತ ಹೇಳಿಬಿಟ್ಟಿತು. ಮೊದಲನೆಯದಕ್ಕೆ ಪರಿಹಾರ ಕೇಳಬಹುದು. ಎರಡನೆಯದಕ್ಕೆ ತಲೆ ತಗ್ಗಿಸಬೇಕು ಅಷ್ಟೇ. ಇವತ್ತಿನ ಯಂತ್ರ ಎರಡನೆಯ ಎಣಿಕೆಯ ಮೊಮ್ಮಗು.

೪

ಯಂತ್ರ ತಂದು ಶಿಕ್ಷಣ ಉದ್ಧಾರ ಮಾಡುತ್ತೇವೆ ಅನ್ನುವ ಮಾತು ನಮಗೆ ಹೊಸದೂ ಅಲ್ಲ. ೧೯೭೫ರ ಆಗಸ್ಟ್ ೧ರಿಂದ ಒಂದು ವರ್ಷ ಅಮೆರಿಕದ ಉಪಗ್ರಹವನ್ನು ಎರವಲು ತಂದು ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಿಗೆ ಟಿ.ವಿ. ಪಾಠ ತೋರಿಸಿದರು. ಕರ್ನಾಟಕದಲ್ಲಿ ಅದು ಗುಲ್ಬರ್ಗ, ರಾಯಚೂರು, ಬಿಜಾಪುರ ಕಡೆಯ ಹಳ್ಳಿಗಳಿಗೆ ಬಂತು. ವರ್ಷ ಮುಗಿಯಿತು, ಉಪಗ್ರಹವನ್ನು ಕೊಟ್ಟವರು ವಾಪಸ್ ಪಡೆದರು. ೧೯೮೪ರಲ್ಲಿ ಶಾಲೆಗಳಿಗೆ ಕಂಪ್ಯೂಟರ್ ಪರಿಚಯಿಸುವ ಕೇಂದ್ರದ ಯೋಜನೆ ಬಂತು. ೨೦೦೧ರ ಆಸುಪಾಸಿನಲ್ಲಿ ಕರ್ನಾಟಕದ ಸಾವಿರ ಸರ್ಕಾರಿ ಹೈಸ್ಕೂಲುಗಳಿಗೆ ‘ಮಾಹಿತಿ ಸಿಂಧು’ ಬಂತು. ಕಂಪ್ಯೂಟರ್ ಕಲಿಸುವ ಕೆಲಸವನ್ನು ಖಾಸಗಿ ಕಂಪನಿಗಳಿಗೆ ಗುತ್ತಿಗೆ ಕೊಟ್ಟರು. ಶಾಲೆಯ ಮೇಷ್ಟ್ರು ತನ್ನದೇ ಶಾಲೆಯ ಒಂದು ಕೋಣೆಗೆ ಹೊರಗಿನವನಾದ. ೨೦೦೪ರ ಸೆಪ್ಟೆಂಬರಿನಲ್ಲಿ ಎಜುಸ್ಯಾಟ್ ಹಾರಿತು. ನಮ್ಮ ಪಕ್ಕದ ಚಾಮರಾಜನಗರ ಜಿಲ್ಲೆಯ ಎಂಟುನೂರಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳನ್ನು ಅದರ ಪ್ರಯೋಗಕ್ಕೆ ಆರಿಸಿಕೊಂಡರು. ೨೦೧೦ರಲ್ಲಿ ಆ ಉಪಗ್ರಹದ ಆಯಸ್ಸು ಮುಗಿಯಿತು. ಆ ವರ್ಷ ಒಂದನೇ ತರಗತಿಗೆ ಸೇರಿದ ಮಗುವಿಗೆ ಇನ್ನೂ ಒಂಬತ್ತು ವರ್ಷದ ಓದು ಉಳಿದಿತ್ತು.

ಕೊರೋನಾ ಕಾಲ ಎಲ್ಲರ ನೆನಪಿನಲ್ಲಿದೆ. ೨೦೧೭-೧೮ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಂತೆ ದೇಶದ ಹಳ್ಳಿ ಮನೆಗಳಲ್ಲಿ ಕಂಪ್ಯೂಟರ್ ಇದ್ದದ್ದು ಶೇ. ೪.೪ರಲ್ಲಿ, ಇಂಟರ್ನೆಟ್ ಸೌಲಭ್ಯ ಶೇ. ೧೪.೯ರಲ್ಲಿ. ಆ ಸ್ಥಿತಿಯಲ್ಲಿ ೨೦೨೦ರಲ್ಲಿ ಕರ್ನಾಟಕ ‘ವಿದ್ಯಾಗಮ’ ಮಾಡಿತು. ಮಕ್ಕಳನ್ನು ಮೂರು ಪಂಗಡ ಮಾಡಿದರು: ಮೊಬೈಲೇ ಇಲ್ಲದವರು, ಮೊಬೈಲ್ ಇದ್ದೂ ಇಂಟರ್ನೆಟ್ ಇಲ್ಲದವರು, ಎರಡೂ ಇರುವವರು. ಮೊಬೈಲಿಲ್ಲದ ಮಕ್ಕಳಿಗೆ ಮೇಷ್ಟ್ರು ಮರದಡಿಗೆ, ಸಮುದಾಯ ಭವನಕ್ಕೆ, ಗುಡಿಯ ಜಗಲಿಗೆ ಹೋಗಿ ಪಾಠ ಹೇಳಿದರು. ಸೋಂಕಿನ ಭಯಕ್ಕೆ ಅಕ್ಟೋಬರಿನಲ್ಲಿ ಅದನ್ನೂ ನಿಲ್ಲಿಸಿದರು. ಮೇಷ್ಟ್ರುಗಳು ಜೀವ ಒತ್ತೆಯಿಟ್ಟು ಮಾಡಿದ ಕೆಲಸ ಅದು. ಆದರೂ ಒಂದು ಮಾತು ಕೇಳಲೇಬೇಕು. ಗುಡಿಯ ಜಗಲಿಯನ್ನು ತರಗತಿ ಎಂದು ಬರೆದುಕೊಂಡವರಿಗೆ, ನಮ್ಮ ಊರುಗಳಲ್ಲಿ ಆ ಜಗಲಿ ಎಲ್ಲ ಮಕ್ಕಳದ್ದೂ ಆಗಿಲ್ಲ ಎಂಬುದು ಹೊಳೆಯಲಿಲ್ಲವೇ? ಹೊಳೆಯುವುದಿಲ್ಲ. ಯೋಜನೆ ಬರೆಯುವ ಕೋಣೆಯಲ್ಲಿ ಜಗಲಿಯ ಕೆಳಗೆ ನಿಂತವರು ಇರುವುದಿಲ್ಲ. ಟಿ.ವಿ. ಬಂದಾಗ ಪೆಟ್ಟಿಗೆ ಯಾರ ಬೀದಿಯಲ್ಲಿ ಇಡುತ್ತಾರೆ ಎಂಬ ಪ್ರಶ್ನೆ, ಮೊಬೈಲ್ ಬಂದಾಗ ಗುಡಿಯ ಜಗಲಿಯ ಪ್ರಶ್ನೆಯಾಯಿತು. ಯಂತ್ರ ಬದಲಾಯಿತು, ಪ್ರಶ್ನೆ ಬದಲಾಗಲಿಲ್ಲ.

೫

ಇಲ್ಲಿಯವರೆಗಿನ ಯಂತ್ರಗಳು ಬರೀ ಪಾಠ ತೋರಿಸುತ್ತಿದ್ದವು. ಈಗ ಬರುತ್ತಿರುವುದು ಮಗುವಿನ ಬಗ್ಗೆ ತೀರ್ಪು ಹೇಳುವ ಯಂತ್ರ. ಇದರ ಕೆಲಸ ಹೇಗೆ ಎಂಬುದನ್ನು ಸರಳವಾಗಿ ಹೇಳುವುದಾದರೆ: ಹಿಂದೆ ನಡೆದದ್ದರ ರಾಶಿ ರಾಶಿ ದಾಖಲೆಯನ್ನು ಅದಕ್ಕೆ ತಿನ್ನಿಸುತ್ತಾರೆ. ಯಾವುದರ ಜೊತೆ ಯಾವುದು ಬರುತ್ತದೆ ಎಂಬ ಜಾಡನ್ನು ಅದು ಹಿಡಿಯುತ್ತದೆ. ಆಮೇಲೆ ಹೊಸದೊಂದು ಮುಂದಿಟ್ಟರೆ ಹಿಂದಿನ ಜಾಡಿನಲ್ಲೇ ಮುಂದಿನದನ್ನು ಊಹಿಸುತ್ತದೆ. ಬುದ್ಧಿ ಅಂತ ಕರೆಯುವುದು ಈ ಊಹೆಯನ್ನು. ಕರ್ಮಸಿದ್ಧಾಂತವೂ ಹಿಂದಿನದರಿಂದಲೇ ಮುಂದಿನದನ್ನು ಹೇಳುತ್ತಿತ್ತು. ಅಲ್ಲಿ ಹಿಂದಿನ ಜನ್ಮ, ಇಲ್ಲಿ ಹಿಂದಿನ ದಾಖಲೆ.

ಉದಾಹರಣೆ ಬೇಕಾದರೆ ಇಂಗ್ಲೆಂಡಿಗೆ ಹೋಗಬೇಕು. ೨೦೨೦ರಲ್ಲಿ ಕೊರೋನಾದಿಂದ ಅಲ್ಲಿ ಎ ಲೆವೆಲ್ ಪರೀಕ್ಷೆ ನಡೆಯಲಿಲ್ಲ. ಮೇಷ್ಟ್ರುಗಳು ಕೊಟ್ಟ ದರ್ಜೆಯನ್ನು ಒಂದು ಗಣಕ ಸೂತ್ರದ ಮೂಲಕ ಸೋಸಿದರು. ಆ ಸೂತ್ರ, ಶಾಲೆಯಲ್ಲಿ ಹಿಂದಿನ ವರ್ಷಗಳಲ್ಲಿ ಫಲಿತಾಂಶ ಹೇಗಿತ್ತು ಎಂದು ನೋಡಿ ಈ ವರ್ಷದ ಮಗುವಿನ ದರ್ಜೆ ನಿರ್ಧರಿಸಿತು. ಆಗಸ್ಟ್ ೧೩ಕ್ಕೆ ಫಲಿತಾಂಶ ಬಂದಾಗ ಸುಮಾರು ಶೇ. ೩೯ರಷ್ಟು ದರ್ಜೆಗಳು ಮೇಷ್ಟ್ರು ಕೊಟ್ಟದ್ದಕ್ಕಿಂತ ಕೆಳಗೆ ಇಳಿದಿದ್ದವು. ತೀರಾ ಕಡಿಮೆ ಮಕ್ಕಳಿದ್ದ ತರಗತಿಗಳಿಗೆ ಮೇಷ್ಟ್ರ ದರ್ಜೆಯನ್ನೇ ಉಳಿಸಿದ್ದರಿಂದ ಹಣವಂತರ ಖಾಸಗಿ ಶಾಲೆಗಳಿಗೆ ಲಾಭವಾಯಿತು. ಮಕ್ಕಳು ಬೀದಿಗೆ ಬಂದರು. ೧೭ಕ್ಕೆ ಸರ್ಕಾರ ಸೂತ್ರವನ್ನು ಕೈಬಿಟ್ಟಿತು.

ಆ ಸೂತ್ರವನ್ನು ತಂದು ಮಿರ್ಲೆಯಲ್ಲೋ ಭೇರ್ಯದಲ್ಲೋ ಇಟ್ಟುಕೊಂಡು ಯೋಚಿಸಿ. ಹತ್ತು ವರ್ಷ ಗಣಿತಕ್ಕೆ ಮೇಷ್ಟ್ರಿಲ್ಲದ ಒಂದು ಸರ್ಕಾರಿ ಹೈಸ್ಕೂಲು. ಆ ಶಾಲೆಯಿಂದ ಗಣಿತದಲ್ಲಿ ತೊಂಬತ್ತು ತೆಗೆದವರು ಯಾರೂ ಇಲ್ಲ. ಹನ್ನೊಂದನೇ ವರ್ಷ ಹಾಸ್ಟೆಲ್ಲಿನ ಹುಡುಗಿಯೊಬ್ಬಳು ಆ ಮಟ್ಟಕ್ಕೆ ಏರಿದಳು ಅನ್ನಿ. ಯಂತ್ರಕ್ಕೆ ಅವಳು ಕಾಣುವುದೇ ಇಲ್ಲ, ಶಾಲೆಯ ಸರಾಸರಿ ಕಾಣುತ್ತದೆ. ಮೇಷ್ಟ್ರನ್ನು ಕೊಡದ ಸರ್ಕಾರದ ತಪ್ಪು ಅವಳ ಅಂಕಪಟ್ಟಿಗೆ ಬಂದು ಕೂರುತ್ತದೆ. ದಲಿತರ ಚರಿತ್ರೆಯಲ್ಲಿ ಮೊದಲಿಗರು ಅನ್ನುವವರು ಎಲ್ಲ ಕಡೆಯೂ ಸರಾಸರಿಯನ್ನು ಮುರಿದೇ ಬಂದವರು. ಮೊದಲಿಗರನ್ನು ನಂಬದ ಯಂತ್ರ ನಮ್ಮ ಚರಿತ್ರೆಯನ್ನೇ ನಂಬದ ಯಂತ್ರ.

‘ಜಾತಿ ಕಾಲಂ ತೆಗೆದುಬಿಡಿ, ಯಂತ್ರಕ್ಕೆ ಜಾತಿ ಇಲ್ಲ’ ಅನ್ನುವವರಿದ್ದಾರೆ. ಈ ಮಾತು ಎಲ್ಲೋ ಕೇಳಿದ ಹಾಗಿದೆಯಲ್ಲ? ಕೇರಿಯ ವಿಳಾಸ, ಅಪ್ಪನ ಕಸುಬು, ಹಾಸ್ಟೆಲ್ಲಿನ ಹೆಸರು, ವಿದ್ಯಾರ್ಥಿವೇತನದ ಬಗೆ ಎಲ್ಲವೂ ಜಾತಿಯನ್ನು ಕೂಗಿ ಹೇಳುತ್ತವೆ. ೨೦೦೭ರಲ್ಲಿ ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ವಿದ್ಯಾರ್ಹತೆಯ ಅರ್ಜಿಗಳನ್ನು ಹೆಸರು ಮಾತ್ರ ಬದಲಿಸಿ ಖಾಸಗಿ ಕಂಪನಿಗಳಿಗೆ ಕಳಿಸಿದಾಗ ದಲಿತ ಹೆಸರಿನ ಅರ್ಜಿಗೆ ಮೇಲ್ಜಾತಿ ಹೆಸರಿಗಿಂತ ಕಡಿಮೆ ಕರೆ ಬಂತು. ಅಲ್ಲಿ ಆ ಕೆಲಸ ಮಾಡಿದ್ದು ಮನುಷ್ಯ. ಅಂಥ ಮನುಷ್ಯರು ಮಾಡಿದ ಆಯ್ಕೆಗಳ ಕಡತವನ್ನೇ ತಿಂದ ಯಂತ್ರ ಬೇರೆ ಏನು ಮಾಡೀತು?

ಮುಖ ನೋಡುವ ಯಂತ್ರಕ್ಕೆ ಬರೋಣ. ೨೦೧೮ರಲ್ಲಿ ಜಾಯ್ ಬೂಲಮ್ವೀನಿ ಮತ್ತು ಟಿಮ್ನಿಟ್ ಗೆಬ್ರು ಎಂಬ ಇಬ್ಬರು ಕಪ್ಪು ಹೆಣ್ಣುಮಕ್ಕಳು, ಮುಖ ನೋಡಿ ಗಂಡೋ ಹೆಣ್ಣೋ ಹೇಳುವ ದೊಡ್ಡ ಕಂಪನಿಗಳ ಯಂತ್ರಗಳನ್ನು ಪರೀಕ್ಷಿಸಿದರು. ಬಿಳಿ ಗಂಡಸರಲ್ಲಿ ನೂರಕ್ಕೆ ಒಂದೂ ತಪ್ಪದ ಯಂತ್ರ, ಕಪ್ಪು ಹೆಂಗಸರಲ್ಲಿ ನೂರಕ್ಕೆ ಮೂವತ್ತನಾಲ್ಕರವರೆಗೆ ತಪ್ಪಿತ್ತು. ಹಾಜರಿ ಹಾಕುವ ಯಂತ್ರ ಬೇರೆ, ಅದರ ಕೆಲಸ ಬೇರೆ, ಒಪ್ಪೋಣ. ಆದರೆ ಅದು ಯಾರ ಮುಖದ ಮೇಲೆ ಎಷ್ಟು ತಪ್ಪುತ್ತದೆ ಎಂದು ಎಣಿಸಿ ತೋರಿಸುವ ಹೊಣೆ ತರುವವರದ್ದು. ಹೆಬ್ಬೆಟ್ಟು ಕೂರಲಿಲ್ಲ ಅಂತ ರೇಷನ್ ಅಂಗಡಿಯಿಂದ ಬರಿಗೈಯಲ್ಲಿ ವಾಪಸ್ ಬಂದ ಮುದುಕಿಯರ ಊರು ನಮ್ಮದು. ನಾಳೆ ಮುಖ ಕೂರಲಿಲ್ಲ ಅಂತ ಮಗುವಿನ ಬಿಸಿಯೂಟದ ಲೆಕ್ಕ ತಪ್ಪಿದರೆ ಯಾರ ಹತ್ತಿರ ಹೋಗಿ ಹೇಳಬೇಕು?

ಇನ್ನು ಭಾಷೆ. ಮಾತಾಡುವ, ಬರೆಯುವ ಯಂತ್ರಗಳು ಬರಹವನ್ನು ತಿಂದು ಬೆಳೆದವು. ಇಂಗ್ಲಿಷ್ ವಿಕಿಪೀಡಿಯದಲ್ಲಿ ಎಪ್ಪತ್ತು ಲಕ್ಷ ಲೇಖನಗಳಿದ್ದರೆ ಕನ್ನಡದಲ್ಲಿ ಮೂವತ್ತು ಸಾವಿರದ ಆಸುಪಾಸು. ೨೦೨೨ರಲ್ಲಿ ಕೇಂದ್ರ ಶುರುಮಾಡಿದ ‘ಭಾಷಿಣಿ’ ಎಂಟನೇ ಅನುಸೂಚಿಯ ೨೨ ಭಾಷೆಗಳನ್ನು ಮುಂದಿಟ್ಟುಕೊಂಡು ಹೊರಟಿತು. ಹೆಗ್ಗಡದೇವನಕೋಟೆಯ ಆಶ್ರಮ ಶಾಲೆಗೆ ಬರುವ ಜೇನುಕುರುಬ ಮಗುವಿನ ಮಾತು ಆ ಪಟ್ಟಿಯಲ್ಲಿಲ್ಲ. ಕನ್ನಡದಲ್ಲಾದರೂ ಯಂತ್ರ ತಿನ್ನುವುದು ಯಾರ ಕನ್ನಡವನ್ನು? ೧೯೭೩ರಲ್ಲಿ ಮೈಸೂರಿನಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದದ್ದಕ್ಕೆ ಮಂತ್ರಿಗಿರಿ ಕಳಕೊಂಡರು. ನಮ್ಮ ಹುಡುಗರು ಏಟು ತಿಂದರು. ಆ ಜಗಳದಿಂದ ಒಂದು ಚಳುವಳಿಯೇ ಹುಟ್ಟಿತು. ಬಸವಲಿಂಗಪ್ಪನವರು ಎತ್ತಿದ್ದ ಪ್ರಶ್ನೆ ಈಗ ತಂತ್ರಜ್ಞಾನದ ಪ್ರಶ್ನೆಯಾಗಿ ವಾಪಸ್ ಬಂದಿದೆ. ಬೂಸಾ ತಿಂದ ಯಂತ್ರ ಯಾವ ಹಾಲು ಕರೆಯುತ್ತದೆ?

೬

ಕೃಷ್ಣರಾಜನಗರ ತಾಲ್ಲೂಕಿನ ಕಪ್ಪಡಿಯಲ್ಲಿ ಕಾವೇರಿ ದಡದ ಮೇಲೆ ರಾಚಪ್ಪಾಜಿಯ ಗದ್ದುಗೆ ಇದೆ. ಶಿವರಾತ್ರಿಯಿಂದ ಯುಗಾದಿವರೆಗೆ ಜಾತ್ರೆ. ಮಂಟೇಸ್ವಾಮಿಯ ಕಥೆಯನ್ನು ನೀಲಗಾರರು ತಂಬೂರಿ ಹಿಡಿದು ಹಾಡುತ್ತಾರೆ. ಅಕ್ಷರ ಇಲ್ಲದವರು ನೂರಾರು ವರ್ಷ ಬಾಯಿಂದ ಬಾಯಿಗೆ ದಾಟಿಸಿದ ದೊಡ್ಡ ಕಾವ್ಯ ಅದು. ಬುದ್ಧಿ ಅಳೆಯುವ ಯಾವ ಕೋಲಿಗೂ ಸಿಕ್ಕದೆ ಬದುಕಿದ ಬುದ್ಧಿ. ಆ ಕಥೆಯಲ್ಲಿ ಸಿದ್ಧಪ್ಪಾಜಿ ಮಂಟೇಸ್ವಾಮಿಗಾಗಿ ಕಬ್ಬಿಣದ ಭಿಕ್ಷೆ ತರಲು ಹಲಗೂರಿಗೆ ಹೋಗುತ್ತಾನೆ. ಕಬ್ಬಿಣ ಇಟ್ಟುಕೊಂಡ ಪಾಂಚಾಳರು ಇಲ್ಲ ಅನ್ನುತ್ತಾರೆ, ಅವನನ್ನು ಒಂದಾದ ಮೇಲೊಂದು ಪರೀಕ್ಷೆಗೆ ಒಡ್ಡುತ್ತಾರೆ. ಕಬ್ಬಿಣ ಇರುವವರೇ ಪರೀಕ್ಷೆಯನ್ನೂ ಇಡುತ್ತಾರೆ ಎಂಬುದು ನಮ್ಮ ಹಿರಿಯರಿಗೆ ಗೊತ್ತಿತ್ತು. ಹಾಗಂತ ಸಿದ್ಧಪ್ಪಾಜಿ ಕಬ್ಬಿಣವೇ ಬೇಡ ಅಂತ ವಾಪಸ್ ಬರಲಿಲ್ಲ.

ಇದೇ ನಮ್ಮ ದಾರಿ. ೧೯೪೫ರಲ್ಲಿ ಅಂಬೇಡ್ಕರ್ ಕಾಂಗ್ರೆಸ್ಸು, ಗಾಂಧಿ ಕುರಿತು ಬರೆದಾಗ ಯಂತ್ರವಿರೋಧವನ್ನು ಒಪ್ಪಲಿಲ್ಲ. ಕೆಡುಕಿರುವುದು ಯಂತ್ರದಲ್ಲಲ್ಲ, ಅದರ ಲಾಭವನ್ನು ಕೆಲವರೇ ಹಿಡಿದಿಟ್ಟುಕೊಳ್ಳುವ ಸಮಾಜದ ಏರ್ಪಾಟಿನಲ್ಲಿ ಎಂಬುದು ಅವರ ನಿಲುವು. ನಮ್ಮ ಮಕ್ಕಳು ಈ ಯಂತ್ರವನ್ನು ಕಲಿಯಬೇಕು, ಬಿಚ್ಚಬೇಕು, ಕಟ್ಟಬೇಕು. ಇಂಗ್ಲಿಷ್ ಬೇಡ, ಕಂಪ್ಯೂಟರ್ ಬೇಡ ಅಂತ ಕೇರಿಗೆ ಉಪದೇಶ ಮಾಡಿ ತಮ್ಮ ಮಕ್ಕಳನ್ನು ಕಾನ್ವೆಂಟಿಗೆ ಕಳಿಸಿದವರನ್ನು ನೋಡಿ ಸಾಕಾಗಿದೆ.

ಹೊರಗಿನ ಪ್ರಪಂಚದಲ್ಲಿ ಕೆಲವು ಹೆಜ್ಜೆ ಆಗಿವೆ. ಯುನೆಸ್ಕೋ ೨೦೨೧ರಲ್ಲಿ ನೀತಿ ಮಾಡುವವರಿಗೆಂದೇ ಮಾರ್ಗಸೂಚಿ ತಂದಿತು. ಯುರೋಪಿನ ೨೦೨೪ರ ಕಾನೂನು ಶಾಲಾ ಪ್ರವೇಶ, ಪರೀಕ್ಷೆಗಳಿಗೆ ಬಳಸುವ ಇಂಥ ಯಂತ್ರಗಳನ್ನು ಹೆಚ್ಚು ಅಪಾಯದವು ಎಂದು ಪಟ್ಟಿ ಮಾಡಿದೆ. ಮಕ್ಕಳ ಮುಖ ನೋಡಿ ಮನಸ್ಸಿನ ಭಾವ ಹೇಳುವ ಯಂತ್ರವನ್ನು ಶಾಲೆಗಳಲ್ಲಿ ೨೦೨೫ರ ಫೆಬ್ರವರಿಯಿಂದ ನಿಷೇಧಿಸಿದೆ. ಸ್ವೀಡನ್ನಿನ ಒಂದು ಊರಿನಲ್ಲಿ ಮುಖ ನೋಡಿ ಹಾಜರಿ ಹಾಕಿದ ಶಾಲಾಡಳಿತಕ್ಕೆ ೨೦೧೯ರಲ್ಲೇ ದಂಡ ಬಿತ್ತು. ಕರ್ನಾಟಕದಲ್ಲಿ ಅದೇ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ ೨೦೨೫ರ ಆಗಸ್ಟಿನಲ್ಲಿ ವರದಿ ಕೊಟ್ಟಿತು. ಹೆಸರು ನೋಡಿ ಅರ್ಜಿ ಬದಿಗಿಡುವ ಜಾಣತನವನ್ನು ಎಣಿಸಿ ಬಯಲಿಗಿಟ್ಟವರು ಬರೆದ ವರದಿ ಕೈಯಲ್ಲಿರುವಾಗ ಈ ಮಾತನ್ನು ಎತ್ತಲು ಇದಕ್ಕಿಂತ ಒಳ್ಳೆಯ ಸಮಯ ಸಿಕ್ಕುವುದಿಲ್ಲ.

ಹಾಗಾದರೆ ಏನು ಕೇಳಬೇಕು? ಒಂದು, ಶಾಲೆಗೆ ಬರುವ ಯಾವ ಯಂತ್ರವೇ ಆಗಲಿ, ಅದು ಯಾವ ದಾಖಲೆ ತಿಂದು ಬೆಳೆದಿದೆ, ಯಾವುದನ್ನು ನೋಡಿ ತೀರ್ಮಾನ ಮಾಡುತ್ತದೆ ಎಂಬುದನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಶಾಲೆಯ ಗೋಡೆಗೆ ಅಂಟಿಸಬೇಕು, ಗ್ರಾಮಸಭೆಯಲ್ಲಿ ಓದಬೇಕು. ಎರಡು, ಅಂಕ, ಪಾಸು ಫೇಲು, ಹಾಸ್ಟೆಲ್ ಸೀಟು, ವಿದ್ಯಾರ್ಥಿವೇತನ, ಊಟ ಇವುಗಳ ಬಗ್ಗೆ ಯಂತ್ರದ ಮಾತು ಕೊನೆಯ ಮಾತಾಗಬಾರದು. ಕೆಳಗೆ ಸಹಿ ಹಾಕುವ ಒಬ್ಬ ಮನುಷ್ಯ ಇರಬೇಕು, ಅವನನ್ನು ಕೇಳುವ ಹಕ್ಕು ಮಗುವಿನ ಮನೆಯವರಿಗೆ ಇರಬೇಕು. ಮೂರು, ಯಂತ್ರ ತಪ್ಪಿದ ಪ್ರತಿ ಲೆಕ್ಕವನ್ನೂ ಜಾತಿ, ಲಿಂಗ, ಮಾಧ್ಯಮ, ಊರು ವಿಂಗಡಿಸಿ ವರ್ಷ ವರ್ಷ ಪ್ರಕಟಿಸಬೇಕು. ಜಾತಿ ಕಾಲಂ ಮುಚ್ಚಿಟ್ಟು ನ್ಯಾಯ ಮಾಡಲಾಗದು ಎಂಬುದನ್ನು ನೂರು ವರ್ಷದ ಹಿಂದೆಯೇ ಮೈಸೂರು ಕಲಿತಿದೆ. ನಾಲ್ಕು, ಯೋಜನೆ ಬರೆಯುವ ಮೇಜಿನಲ್ಲಿ ಸರ್ಕಾರಿ ಶಾಲೆಯ ಮೇಷ್ಟ್ರು, ಹಾಸ್ಟೆಲ್ಲಿನ ವಿದ್ಯಾರ್ಥಿ, ಹಾಡಿಯ ತಾಯಿ ಕೂರಬೇಕು. ಐದು, ಯಂತ್ರಕ್ಕೆ ದುಡ್ಡು ಇಡುವ ಮೊದಲು ಆ ಶಾಲೆಯಲ್ಲಿ ಖಾಲಿ ಇರುವ ಮೇಷ್ಟ್ರ ಹುದ್ದೆ ತುಂಬಬೇಕು.

ಈ ಐದರಲ್ಲಿ ಹೊಸದು ಯಾವುದೂ ಇಲ್ಲ. ಫುಲೆ ಹಂಟರನ ಮುಂದೆ, ಅಂಬೇಡ್ಕರ್ ಸೌತ್‌ಬರೋ ಮುಂದೆ ಕೇಳಿದ್ದು ಇದನ್ನೇ: ನಮ್ಮನ್ನು ಎಣಿಸುತ್ತೀರಾ, ಎಣಿಸಿ. ಎಣಿಸಿದ ಪುಸ್ತಕ ಈ ಕಡೆಗೂ ತಿರುಗಿಸಿ.